ನನ್ನ ಮಗ್ಗ ನೋಡ್ಕೋ

ನನ್ನ ಅತ್ತಿಗೆಯನ್ನು ಯಾರಾದರೂ ಕಿವುಡಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ಕಿವಿ ಕೇಳಿಸುವುದಿಲ್ಲ, ಅದು ನಿಜ. ಬೆನ್ನ ಹಿಂದೆ ಲಾರಿ ಬಂದು ಹಾರ್ನ್ ಹೊಡೆದರೂ ತಿರುಗಿ ನೋಡುವುದಿಲ್ಲ, ಅದೂ ನಿಜ. ಆದರೆ ಕಿವುಡಿ ಎನ್ನುವಾಗ ಜನ ಬಾಯಿಯನ್ನು ಒಂದು ಥರ ಸೊಟ್ಟ ಮಾಡುತ್ತಾರಲ್ಲ, ಅಯ್ಯೋ ಪಾಪ ಎನ್ನುವ ಹಾಗೆ, ಅದನ್ನು ಅವಳು ದೂರದಿಂದಲೇ ಓದಿಬಿಡುತ್ತಾಳೆ. ಆಮೇಲೆ ದಿನವಿಡೀ ಅವಳ ಸಿಟ್ಟನ್ನು ತಡೆದುಕೊಳ್ಳಬೇಕಾದವಳು ನಾನು. ಪಾಪವಂತೆ! ಒಂದು ಸಲ ಅವಳ ಕೈಗೆ ಸಿಕ್ಕಿ ನೋಡಿ, ಆಮೇಲೆ ಪಾಪ ಯಾರು ಅಂತ ಹೇಳಿ.

ನಾವಿಬ್ಬರೂ ಮಗ್ಗದ ಶೆಡ್ಡಿನ ಕೆಲಸದವರು. ತಗಡಿನ ಮಾಡಿನ ಕೆಳಗೆ ಕರೆಂಟಿನ ಮಗ್ಗಗಳು ಸಾಲಾಗಿ ನಿಂತಿವೆ. ಅಷ್ಟೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವಳು ಗಂಟಲು ಹರಿದುಕೊಂಡು ಕಿರುಚಿದರೂ ತುಟಿ ಆಡುವುದು ಕಾಣುತ್ತದೆಯೇ ಹೊರತು ದನಿ ಕೇಳಿಸುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತೇವೆ. ಜೋಡಿಸಿದ ಎರಡು ಬೆರಳನ್ನು ಚಟ್ಟನೆ ಬಿಡಿಸಿದರೆ ಎಳೆ ಕಡಿದಿದೆ ಎಂದರ್ಥ. ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ. ಹೊಟ್ಟೆ ಸವರಿದರೆ ಮಾಲೀಕ. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಇನ್ನೊಂದು ಸನ್ನೆ ಇದೆ. ಅಂಗೈಯಿಂದ ಎದೆ ತಟ್ಟಿಕೊಂಡು, ತನ್ನ ಮಗ್ಗದ ಕಡೆ ತೋರಿಸಿ, ಎರಡು ಬೆರಳನ್ನು ಕಣ್ಣಿನ ಕೆಳಗೆ ಇಟ್ಟುಕೊಳ್ಳುವುದು. 'ನನ್ನ ಮಗ್ಗ ನೋಡ್ಕೋ, ಬಂದೆ' ಎಂದು. ಕಕ್ಕಸಿಗೆ ಹೋಗುವವರು ಮಾಡುವ ಸನ್ನೆ ಅದು. ಅದನ್ನು ಯಾರು ಮಾಡಿದರೂ ಎದುರಿನವಳು ಇಲ್ಲ ಎನ್ನುವ ಹಾಗಿಲ್ಲ. ಹಿಂದಿನ ದಿನವಷ್ಟೇ ಜುಟ್ಟು ಹಿಡಿದು ಜಗಳಾಡಿದ್ದರೂ ಸರಿ, ಮಾತು ಬಿಟ್ಟಿದ್ದರೂ ಸರಿ, ಅವಳು ವಾಪಸ್ ಬರುವವರೆಗೆ ಅವಳ ಮಗ್ಗ ನಮ್ಮದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾವು ಮೊದಲು ಕಲಿಸುವ ಸನ್ನೆಯೇ ಅದು.

ನಾನು ಶೆಡ್ಡಿನಿಂದ ಹೊರಗೆ ಬಂದ ಮೇಲೂ ಕಿರುಚಿಯೇ ಮಾತಾಡುತ್ತೇನೆಂದು ಎಲ್ಲರೂ ನನ್ನನ್ನು ಮೈಕು ಎನ್ನುತ್ತಾರೆ. ಈ ಗಂಟಲಿಗೆ ಹೆದರಿಯೇ ನಿನಗೆ ಗಂಡು ಸಿಗಲಿಲ್ಲ ಎಂದು ನನ್ನ ಅಣ್ಣ ಆಡಿಕೊಳ್ಳುತ್ತಿದ್ದ. ಅವನ ಸುದ್ದಿಗೆ ಆಮೇಲೆ ಬರುತ್ತೇನೆ. ಅತ್ತಿಗೆ ಈ ಶೆಡ್ಡಿಗೆ ಬಂದಾಗ ಅವಳ ಕಿವಿ ಸೂಜಿ ಬಿದ್ದರೂ ಕೇಳಿಸುವಷ್ಟು ಚೆನ್ನಾಗಿತ್ತು. ಅದು ಯಾವಾಗ ಹೋಯಿತೋ ಯಾರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಇಡೀ ದಿನ ಯಾರಿಗೂ ಏನೂ ಕೇಳಿಸದ ಜಾಗದಲ್ಲಿ ಒಬ್ಬಳಿಗೆ ಕೇಳಿಸುತ್ತಿಲ್ಲ ಎಂದು ಹೇಳುವವರು ಯಾರು? ಒಂದು ಮಧ್ಯಾಹ್ನ ಮನೆಯಲ್ಲಿ ಅವಳ ಕೂಸು ತೊಟ್ಟಿಲಲ್ಲಿ ಕೆಂಪಗಾಗುವ ಹಾಗೆ ಅಳುತ್ತಿತ್ತು, ಅತ್ತಿಗೆ ಅದಕ್ಕೆ ಬೆನ್ನು ಹಾಕಿ ಕೂತು ನಿಧಾನವಾಗಿ ಬಟ್ಟೆ ಮಡಚುತ್ತಿದ್ದಳು. "ಏನೇ ಇದು, ಕಲ್ಲೇನೇ ನೀನು?" ಎಂದು ನಾನು ಹೋಗಿ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ತಿರುಗಿ ಕೂಸನ್ನು ನೋಡಿದಳು. ಆ ಮುಖ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಸ್ವಲ್ಪ ದಿನ ಬಾಯಲ್ಲಿ ಮಾತಾಡುತ್ತಿದ್ದಳು. ಆದರೆ ತನ್ನ ದನಿ ತನಗೇ ಕೇಳಿಸದ ಮೇಲೆ ಅದು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗೊತ್ತಾಗಬೇಕಲ್ಲ. ಒಂದು ದಿನ ಸಾಮಾನಿನ ಅಂಗಡಿಯವನು, "ಯಾಕಮ್ಮಾ ಹೀಗೆ ಅರಚ್ತೀಯ, ನಾನೇನು ಕಿವುಡಾನಾ?" ಎಂದು ಹಲ್ಲು ಕಿರಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅತ್ತಿಗೆ ಅವನ ತುಟಿ ಓದಿದಳು, ಕೈಲಿದ್ದ ಚೀಲವನ್ನು ಅಲ್ಲೇ ಸುರಿದು ಬಂದಳು, ಅವತ್ತಿನಿಂದ ಬಾಯಿ ಬಿಟ್ಟಿಲ್ಲ.

ಇನ್ನು ನನ್ನ ಅಣ್ಣ. ಅಣ್ಣ ಎನ್ನಲು ನಾಲಿಗೆ ಬರುವುದಿಲ್ಲ, ಆದರೂ ಬೇರೆ ಏನೆನ್ನಲಿ? ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಆ ಕಡೆ ಮುಖ ಮಾಡಿ ಪಾತ್ರೆ ತೊಳೆಯುತ್ತಿರುವಾಗ, ಅವಳ ಬೆನ್ನ ಹಿಂದೆ ನಿಂತು ನನಗೆ ಹೇಳಿದ: "ನನಗೆ ಈ ಮೂಕ ಸಂಸಾರ ಸಾಕಾಯ್ತು. ನಾನು ಹೋಗ್ತೀನಿ. ಅವಳಿಗೆ ನೀನೇ ಹೇಗಾದ್ರೂ ಹೇಳ್ಬಿಡು." ನಾನು ಬಾಯಿಗೆ ಬಂದ ಹಾಗೆ ಬೈದೆ. ಬೀದಿಯ ತುದಿಯವರೆಗೂ ಕೇಳಿಸಿರಬೇಕು. ನನ್ನ ಪಕ್ಕದಲ್ಲೇ ನಿಂತವಳಿಗೆ ಮಾತ್ರ ಕೇಳಿಸಲಿಲ್ಲ. ಅವಳು ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ಗಂಡ ಬಿಟ್ಟುಹೋದ ಎನ್ನುವುದಕ್ಕೆ ಶೆಡ್ಡಿನಲ್ಲಿ ಸನ್ನೆ ಇಲ್ಲ. ನನಗೆ ಗೊತ್ತಿದ್ದ ಒಂದನ್ನೇ ಮಾಡಿದೆ. ಎರಡು ಬೆರಳು ಜೋಡಿಸಿ ಚಟ್ಟನೆ ಬಿಡಿಸಿದೆ.

ಅವತ್ತಿನಿಂದ ನಮ್ಮ ಮನೆಗೊಂದು ಕಟ್ಟಳೆ ಬಂತು. ಅತ್ತಿಗೆ ಇರುವ ಕೋಣೆಯಲ್ಲಿ ಅವಳ ಬೆನ್ನ ಹಿಂದೆ ಯಾರೂ ಬಾಯಿ ಆಡಿಸಬಾರದು. ನೆಂಟರು ಬರಲಿ, ಮೀಟರ್ ನೋಡುವವನು ಬರಲಿ, ಅವಳ ಎದುರಿಗೆ ಬಂದು ನಿಂತು ಮಾತಾಡಬೇಕು. ಇಲ್ಲದಿದ್ದರೆ ಚಹಾ ಇಲ್ಲ.

ಇಷ್ಟರ ನಡುವೆ ಬೆಳೆದವಳು ಆ ಕೂಸು, ನಮ್ಮ ಹುಡುಗಿ. ಶೆಡ್ಡಿನಲ್ಲಿ ಅವಳನ್ನು ಲಾಳಿ ಎನ್ನುತ್ತಿದ್ದರು. ನೂಲು ಹೊತ್ತುಕೊಂಡು ಮಗ್ಗದ ಈ ಕಡೆಯಿಂದ ಆ ಕಡೆಗೆ ಓಡುವ ಮರದ ತುಂಡಿಗೆ ಲಾಳಿ ಎಂದು ಹೆಸರು. ಇವಳೂ ಹಾಗೇ ಸಾಲಿನ ಈ ತುದಿಯಿಂದ ಆ ತುದಿಗೆ ಓಡಾಡಿಕೊಂಡಿದ್ದವಳು. ಅವಳು ಮಾತು ಕಲಿತದ್ದೇ ಮೊದಲು ಕೈಯಲ್ಲಿ. ನಮ್ಮ ಶೆಡ್ಡಿನ ಹತ್ತಾರು ಸನ್ನೆ ಅವಳಿಗೆ ಯಾವ ಮೂಲೆಗೂ ಸಾಕಾಗಲಿಲ್ಲ. ತಾಯಿ ಮಗಳು ಕೂತುಕೊಂಡು ದಿನಕ್ಕೊಂದು ಕಟ್ಟಿದರು. ಒದ್ದೆ ಬಟ್ಟೆ ಹಿಂಡಿದ ಹಾಗೆ ಮಾಡಿದರೆ ಬೇಜಾರು. ಜಾರುಗಂಟು ಎಳೆದ ಹಾಗೆ ಮಾಡಿದರೆ ಸುಳ್ಳು. ಮೇಸ್ತ್ರಿಯ ಮೀಸೆಗೆ ಜಾರುಗಂಟು ಸೇರಿಸಿದರೆ ದೊಡ್ಡ ಸುಳ್ಳು! ಹೀಗೆ ಕಟ್ಟುತ್ತಾ ಕಟ್ಟುತ್ತಾ ಕನಸು, ಅನುಮಾನ, ಚಾಡಿ, ಪಕ್ಕದ ಮನೆಯವಳ ಕೊಂಕು, ಎಲ್ಲದಕ್ಕೂ ಸನ್ನೆಯಾಯಿತು. ನಾನು ಎದುರಿಗೇ ಕೂತಿರುತ್ತಿದ್ದೆ, ಅವರಿಬ್ಬರ ಬೆರಳುಗಳು ಓಡುತ್ತಿದ್ದವು, ನನಗೆ ಕಾಲು ಭಾಗವೂ ತಿಳಿಯುತ್ತಿರಲಿಲ್ಲ. ಇಡೀ ಭೂಮಿಯ ಮೇಲೆ ಆ ಮಾತನ್ನು ಆಡುವವರು ಇಬ್ಬರೇ.

ಮತ್ತೆ ಜಗಳ! ಅಬ್ಬಬ್ಬಾ, ಆ ತಾಯಿ ಮಗಳ ಜಗಳ ನೋಡಬೇಕಿತ್ತು. ಕೈ ಬೀಸುವ ರಭಸಕ್ಕೆ ಲೋಟಗಳು ಉರುಳುತ್ತಿದ್ದವು. ತುಟಿಪಿಟಕ್ಕೆನ್ನದೆ ಒಬ್ಬರನ್ನೊಬ್ಬರು ಹರಿದು ಮುಕ್ಕುತ್ತಿದ್ದರು. ಆ ಜಗಳದಲ್ಲಿ ಗೆಲ್ಲುವುದಕ್ಕೆ ಒಂದೇ ದಾರಿ: ಕಣ್ಣು ಮುಚ್ಚಿಬಿಡುವುದು. ಕಣ್ಣು ಮುಚ್ಚಿದರೆ ಬಾಗಿಲು ಹಾಕಿಕೊಂಡ ಹಾಗೆ, ಎದುರಿನವರು ಏನು ಕುಣಿದರೂ ತಲುಪುವುದಿಲ್ಲ. ಲಾಳಿ ನೆಲ ಒದ್ದು ಅದುರಿಸುತ್ತಿದ್ದಳು, ಸ್ವಲ್ಪ ಹೊತ್ತು ಸತಾಯಿಸಿ ಅತ್ತಿಗೆ ಕಣ್ಣು ಬಿಡುತ್ತಿದ್ದಳು, ಮತ್ತೆ ಶುರು. ನನ್ನ ಜೊತೆ ಅತ್ತಿಗೆ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ. ಅಷ್ಟು ಜಗಳಾಡುವ ಮಾತು ನನಗೆಲ್ಲಿ ಬರುತ್ತಿತ್ತು?

ಲಾಳಿ ಓದಿದಳು, ಪಕ್ಕದ ಬೀದಿಯ ಶಾಲೆಯಲ್ಲಿ ಟೀಚರಾದಳು. ಶಾಲೆ ಬಿಟ್ಟ ಮೇಲೆ ಕಿವಿ ಕೇಳದವರ ಸರಿಯಾದ ಸನ್ನೆಭಾಷೆಯನ್ನೂ ಎಲ್ಲೋ ಹೋಗಿ ಕಲಿತಳು. ಎಲ್ಲ ಚೆನ್ನಾಗಿತ್ತು. ಹಾಳಾಗಿದ್ದು ಒಂದು ಸಂಜೆ.

ಅದೇ ಅಡುಗೆಮನೆ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಹೊರಗೆ ಕತ್ತಲಾಗಿತ್ತು, ಒಳಗೆ ದೀಪ ಹಾಕಿದ್ದೆವು. ಲಾಳಿ ನನ್ನ ಪಕ್ಕಕ್ಕೆ ಬಂದು ನಿಂತು, ಬಾಯಲ್ಲಿ, ಪಿಸುದನಿಯಲ್ಲಿ ಹೇಳಿದಳು: "ಅತ್ತೆ, ನಂಗೆ ಹೊರದೇಶದಲ್ಲಿ ಒಂದು ಶಾಲೆಗೆ ಕರೆದಿದ್ದಾರೆ. ಕಿವಿ ಕೇಳದ ಮಕ್ಕಳ ಶಾಲೆ. ಸೇವೆ ಅಂತ ಹೋಗೋದು, ಸಂಬಳ ಇಲ್ಲ, ಊಟ, ಇರೋಕೆ ಜಾಗ ಕೊಡ್ತಾರೆ. ಎರಡು ವರ್ಷ. ನಾನು ಹೂಂ ಅಂದಿದ್ದೀನಿ. ಅಮ್ಮಂಗೆ ಹೇಳೋಕೆ ನಂಗೆ ಧೈರ್ಯ ಸಾಲ್ತಿಲ್ಲ. ನೀನೇ ಹೇಗಾದ್ರೂ ಹೇಳು."

ನನ್ನ ಎದೆ ಧಸಕ್ಕೆಂದಿತು. ಹೋಗುತ್ತಾಳೆ ಎಂಬುದಕ್ಕಲ್ಲ. ಅವಳು ನಿಂತ ಜಾಗಕ್ಕೆ. ನೀನೇ ಹೇಗಾದ್ರೂ ಹೇಳು. ಅಪ್ಪನ ಮಾತೇ! ಆಗ ಅವಳು ತೊಟ್ಟಿಲಲ್ಲಿದ್ದ ಕೂಸು, ಅವಳಿಗೆ ಅದು ಗೊತ್ತಿರಲಿಕ್ಕೆ ಸಾಧ್ಯವಿಲ್ಲ. ಆದರೂ ಅದೇ ಜಾಗ, ಅದೇ ಬೆನ್ನು, ಅದೇ ಮಾತು. "ಮುಚ್ಚೇ ಬಾಯಿ!" ಎಂದು ನಾನು ಕೂಗುವಷ್ಟರಲ್ಲಿ ಮುಗಿದುಹೋಗಿತ್ತು. ನಾವಿಬ್ಬರೂ ಕಿಟಕಿಯ ಗಾಜನ್ನು ಮರೆತಿದ್ದೆವು. ಹೊರಗೆ ಕತ್ತಲು, ಒಳಗೆ ದೀಪ. ಆ ಗಾಜಿನಲ್ಲಿ ನಾವಿಬ್ಬರೂ ಅಚ್ಚು ಹೊಡೆದ ಹಾಗೆ ಕಾಣುತ್ತಿದ್ದೆವು. ಲಾಳಿಯ ತುಟಿಯನ್ನು ಅವಳಮ್ಮ ಮೊದಲಿನಿಂದ ಕೊನೆಯವರೆಗೂ ಓದಿದ್ದಳು.

ಅತ್ತಿಗೆ ನಲ್ಲಿ ನಿಲ್ಲಿಸಿದಳು. ಒಂದೊಂದೇ ಬೆರಳನ್ನು ಒರೆಸಿಕೊಂಡಳು. ತಿರುಗಿದಳು. ಮಗಳ ಮುಖವನ್ನು ನೇರವಾಗಿ ನೋಡಿದಳು. ಲಾಳಿಯ ಕೈಗಳು ಮೇಲೆದ್ದವು, ಏನೋ ಹೇಳಲು ಹೊರಟವು. ಅತ್ತಿಗೆ ಕಣ್ಣು ಮುಚ್ಚಿದಳು.

ಲಾಳಿ ನೆಲ ಒದ್ದಳು. ಒದ್ದೇ ಒದ್ದಳು. ಈ ಸಲ ಕಣ್ಣು ತೆರೆಯಲಿಲ್ಲ.

ಮರುದಿನವೂ ತೆರೆಯಲಿಲ್ಲ, ಮುಂದಿನ ವಾರವೂ ಇಲ್ಲ. ಶೆಡ್ಡಿನಲ್ಲಿ ತೆರೆಯುತ್ತಾಳೆ, ಬೀದಿಯಲ್ಲಿ ತೆರೆಯುತ್ತಾಳೆ, ನನ್ನನ್ನು ಕಂಡರೆ ತೆರೆಯುತ್ತಾಳೆ. ಮಗಳು ಎದುರಿಗೆ ಬಂದರೆ ಸಾಕು, ರೆಪ್ಪೆ ಟಪ್ಪನೆ ಬೀಳುತ್ತದೆ. ಊಟ ಬಡಿಸುತ್ತಾಳೆ, ಮಗಳ ಬಟ್ಟೆ ಒಗೆದು ಮಡಚಿ ಇಡುತ್ತಾಳೆ, ಶಾಲೆಗೆ ಡಬ್ಬಿ ಕಟ್ಟುತ್ತಾಳೆ, ಎಲ್ಲ ಕಣ್ಣು ಮುಚ್ಚಿಕೊಂಡೇ. ಒಂದು ಸಲ ಕುರ್ಚಿಗೆ ಎಡವಿ, ಆ ಸಿಟ್ಟಿಗೆ ಕುರ್ಚಿಯನ್ನೇ ಒದ್ದಳು. ಲಾಳಿ ಚೀಟಿ ಬರೆದು ಡಬ್ಬಿಯ ಮೇಲೆ ಇಟ್ಟರೆ, ಅದನ್ನು ಬಿಡಿಸಿಯೂ ನೋಡದೆ ಇನ್ನೂ ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಮೇಜಿನ ಕಾಲಡಿ ಇಟ್ಟಳು. ಮೇಜು ಅಲ್ಲಾಡುವುದು ನಿಂತಿತು.

ನನಗೆ ಇಬ್ಬರ ಮೇಲೂ ಪಿತ್ತ ನೆತ್ತಿಗೇರಿತ್ತು. ಒಂದು ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಲಾಳಿಯನ್ನು ಹಿಡಿದು ಕೂರಿಸಿದೆ.

"ಇಲ್ಲಿ ಕಿವಿ ಕೇಳದವರಿಲ್ವೇನೇ? ಮನೆಯಲ್ಲೇ ಒಬ್ಬಳು ಕೂತಿದಾಳಲ್ಲ, ಕಾಣಲ್ವಾ? ಸಮುದ್ರ ದಾಟಿ ಹೋಗಿ ಹುಡುಕಬೇಕಾ?"

"ಅತ್ತೆ, ಆ ಮಕ್ಕಳಿಗೆ ಒಂದು ಸನ್ನೇನೂ ಗೊತ್ತಿಲ್ಲ. ಹಸಿವಾದ್ರೆ ಹೇಳೋಕೂ ಗೊತ್ತಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಾವಂತೆ. ನಾನೂ ಅಮ್ಮನೂ ಏನೂ ಇಲ್ಲದ ಕಡೆ ಮಾತು ಕಟ್ಟಿದ್ವಲ್ಲ, ಅದನ್ನ ಮಾಡೋಕೆ ಬರೋದು ನಂಗೆ ಮಾತ್ರ ಅನ್ಸತ್ತೆ."

"ಸರಿ ತಾಯಿ, ಮಹಾ ಪುಣ್ಯದ ಕೆಲಸ. ಇಲ್ಲಿ ಇವಳ ಜೊತೆ ಯಾರು ಮಾತಾಡೋದು?"

"ನೀನಿದ್ದೀಯಲ್ಲ."

"ನಾನಾ? ನಂಗೆ ಬರೋದು ಎಳೆ ಕಡೀತು, ಚಹಾ ಬಂತು, ಮೇಸ್ತ್ರಿ ಬಂದ. ಇದನ್ನೇ ಎರಡು ವರ್ಷ ಆಡ್ಕೊಂಡು ಕೂತಿರ್ಬೇಕಾ ನಾವಿಬ್ರೂ?"

"ಫೋನಲ್ಲಿ ಮುಖ ನೋಡ್ಕೊಂಡು ಮಾತಾಡ್ತೀನಿ. ಅದು ಬೆಟ್ಟದ ಮೇಲೆ, ಸಿಗ್ನಲ್ ಸಿಗಲ್ಲ, ಆದ್ರೆ ವಾರಕ್ಕೊಂದ್ಸಲ ಪೇಟೆಗೆ ಇಳೀತೀವಿ."

"ವಾರಕ್ಕೊಂದ್ಸಲ! ಆಹಾ! ಮಿಕ್ಕ ದಿನ ಅವಳು ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ಲಿ, ನಿನ್ನ ಆ ಮಕ್ಕಳ ಹಾಗೆ."

ಅವಳ ಮುಖ ಕೆಂಪಗಾಯಿತು. ಹುಡುಗಿಗೂ ಸಿಟ್ಟು ಕಡಿಮೆ ಇಲ್ಲ, ನಮ್ಮದೇ ರಕ್ತವಲ್ಲವೇ? "ನಂಗೆ ಬುದ್ಧಿ ಬಂದಾಗಿನಿಂದ ಅಮ್ಮನ ಕಿವಿ ನಾನು, ಅಮ್ಮನ ಬಾಯಿ ನಾನು. ಡಾಕ್ಟರು ಏನಂದ್ರು, ನಾನೇ ಹೇಳ್ಬೇಕು. ಬಸ್ಸಲ್ಲಿ ಯಾರು ಏನು ಕೊಂಕು ಆಡಿದ್ರು, ಅದನ್ನೂ ನಾನೇ ಹೇಳ್ಬೇಕು, ಬೈಗುಳಾನೂ ನಾನೇ ವಾಪಸ್ ಮಾಡ್ಬೇಕು. ಗೆಳತಿಯರ ಜೊತೆ ಒಂದು ಸಿನಿಮಾಕ್ಕೆ ಹೋದ್ರೂ ಮನೆಯಲ್ಲಿ ಯಾರು ಬಾಗಿಲು ಬಡೀತಿದ್ದಾರೋ ಅನ್ನೋದೇ ಯೋಚನೆ. ನಾನು ನಿಂಗೆ ಕಲಿಸ್ತೀನಿ ಬಾ ಅಂತ ಎಷ್ಟು ಸಲ ಕರೆದೆ ಅತ್ತೆ? ನೀನೇ, ನನ್ನ ಬೆರಳು ದಪ್ಪ, ನಂಗೆ ಬರಲ್ಲ ಹೋಗು ಅಂತಿದ್ದೆ."

ನಾನು ಎದ್ದು ಒಳಗೆ ಬಂದೆ. ಬೆರಳು ದಪ್ಪ ಇರುವುದು ನಿಜ, ನೋಡಿ ಬೇಕಾದರೆ.

ಶಾಲೆಯವರು ಬೀಳ್ಕೊಡುಗೆ ಸಭೆ ಇಟ್ಟುಕೊಂಡರು. ತಾಯಿಯನ್ನು ಕರೆತರಲೇಬೇಕು ಎಂದು ಹೆಡ್‌ಮಿಸ್ಸು ಮನೆಗೇ ಬಂದು ಹೇಳಿದರು. ಪುಣ್ಯಕ್ಕೆ ಎದುರಿಗೆ ನಿಂತೇ ಹೇಳಿದರು. ಅತ್ತಿಗೆ ಹಸಿರು ಸೀರೆ ಉಟ್ಟು ಬಂದು ಮೊದಲ ಸಾಲಿನಲ್ಲಿ ಕೂತಳು. ನಾನು ಪಕ್ಕದಲ್ಲಿ. ವೇದಿಕೆಯ ಮೇಲೆ ಲಾಳಿ ಕಾಣಿಸಿದ ತಕ್ಷಣ ಇವಳ ರೆಪ್ಪೆ ಬಿತ್ತು. ಹೆಡ್‌ಮಿಸ್ಸು ಶುರು ಮಾಡಿದರು. ಕಿವುಡ ತಾಯಿಯ ಮಗಳು ಕಿವುಡ ಮಕ್ಕಳ ಬಾಳಿಗೆ ದೀಪವಾಗಲು ಹೊರಟಿದ್ದಾಳೆ. ಎಂಥ ತ್ಯಾಗ. ಆ ಮಹಾತಾಯಿಯ ಮನಸ್ಸು ಎಷ್ಟು ದೊಡ್ಡದು. "ನೋಡಿ, ನೋಡಿ," ಎಂದು ನಮ್ಮ ಕಡೆ ಕೈ ತೋರಿಸಿದರು, "ಆ ತಾಯಿ ಕಣ್ಣು ಮುಚ್ಚಿ ಮಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದಾಳೆ!"

ಇಡೀ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಒಬ್ಬ ಓಡಿಬಂದು ಅತ್ತಿಗೆಯ ಮುಚ್ಚಿದ ಕಣ್ಣಿನ ಫೋಟೋ ಹೊಡೆದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಪ್ರಾರ್ಥನೆಯಲ್ಲ ರೀ! ಜಗಳ ಆಡ್ತಿದಾಳೆ! ಮುಖದ ಮೇಲೆ ಬಾಗಿಲು ಹಾಕಿದಾಳೆ!" ಎಂದು ಕೂಗಿದೆ. ನನ್ನ ಗಂಟಲಿಗೆ ಮೈಕು ಬೇಕಿಲ್ಲವಲ್ಲ, ಎಲ್ಲರಿಗೂ ಕೇಳಿಸಿತು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತಮಾಷೆ ಮಾಡಿದೆ ಎಂದುಕೊಂಡರೋ, ಭಾವುಕಳಾದೆ ಎಂದುಕೊಂಡರೋ, ದೇವರೇ ಬಲ್ಲ. ವೇದಿಕೆಯ ಮೇಲಿದ್ದ ಲಾಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳು ಒಂದು ಸಲ ಕಾಲು ಎತ್ತಿ ಹಲಗೆಯನ್ನು ಒದ್ದಳು. ಧಡಾರೆಂದಿತು. ಅತ್ತಿಗೆಯ ರೆಪ್ಪೆ ಮಿಸುಕಾಡಿತು, ತೆರೆಯಲಿಲ್ಲ.

ಹೊರಡುವ ದಿನ ಬಂತು. ಅತ್ತಿಗೆ ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಮಗಳ ದೊಡ್ಡ ಚೀಲದ ಹಿಡಿ ಕಿತ್ತುಬಂದಿದ್ದನ್ನು ಹಿಂದಿನ ದಿನ ತಾನೇ ದಪ್ಪ ದಾರದಲ್ಲಿ ಹೊಲಿದಿದ್ದಳು, ಅದನ್ನು ತಾನೇ ಹೊತ್ತಳು. ಜಗಳ ಬೇರೆ, ಚೀಲ ಬೇರೆ. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಲಾಳಿ ಪಕ್ಕದಲ್ಲಿ ಕೂತು ತನ್ನ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು.

ನಿಲ್ದಾಣದ ಬಾಗಿಲಲ್ಲಿ ಮಗಳು ತಬ್ಬಿಕೊಂಡಳು. ಅತ್ತಿಗೆ ಮರದ ಕಂಬದ ಹಾಗೆ ನಿಂತಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿ. ಲಾಳಿ ನನ್ನನ್ನು ಒಮ್ಮೆ ನೋಡಿ, ಟಿಕೆಟ್ಟು ತೋರಿಸಿ ಒಳಗೆ ಹೋದಳು. ನಾವು ಒಳಗೆ ಹೋಗುವ ಹಾಗಿಲ್ಲ. ನಡುವೆ ನೆಲದಿಂದ ಮಾಡಿನವರೆಗೆ ದಪ್ಪ ಗಾಜು. ಈಚೆ ಕಡೆ ಬೀಳ್ಕೊಡಲು ಬಂದವರೆಲ್ಲ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದರು. ಒಬ್ಬ ಕೈ ಬೀಸುತ್ತಿದ್ದ, ಒಬ್ಬಳು "ಸ್ವೆಟರ್! ಸ್ವೆಟರ್!" ಎಂದು ಅರಚುತ್ತಿದ್ದಳು, ಆಚೆ ಕಡೆಯವನು ಕಿವಿಗೆ ಕೈ ಇಟ್ಟು ಏನು, ಏನು ಎನ್ನುತ್ತಿದ್ದ. ಯಾರಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ. ನಮ್ಮ ಶೆಡ್ಡಿನ ಹಾಗೇ.

ಅದು ಹೊಳೆದದ್ದೇ ತಡ, ನನ್ನ ಮೈ ಉರಿದುಹೋಯಿತು. ಇಷ್ಟು ಜನರಲ್ಲಿ ಈ ಗಾಜಿನ ಮೂಲಕ ಮಾತಾಡಲು ಬರುವವರು ಇಬ್ಬರೇ ಇಬ್ಬರು, ಅದರಲ್ಲಿ ಒಬ್ಬಳು ಕಣ್ಣು ಮುಚ್ಚಿಕೊಂಡು ನಿಂತಿದ್ದಾಳೆ! ಲಾಳಿ ಒಳಗಿನಿಂದ ನೇರ ಗಾಜಿನ ಹತ್ತಿರಕ್ಕೆ ಬಂದಿದ್ದಳು. ನಾನು ಅತ್ತಿಗೆಯ ರಟ್ಟೆ ಹಿಡಿದು ಎಳೆದೆ. ಬಿಡಿಸಿಕೊಂಡಳು. ನೆಲ ಒದ್ದೆ. ಅದು ಕಲ್ಲಿನ ನೆಲ, ಮಿಸುಕಲಿಲ್ಲ. ನನ್ನ ಕಾಲೇ ನೋವಾಯಿತು. ಕೊನೆಗೆ ಅವಳ ಎರಡೂ ಅಂಗೈಗಳನ್ನು ಹಿಡಿದು ಗಾಜಿಗೆ ಒತ್ತಿ, ಆಚೆಗಿದ್ದ ಲಾಳಿಗೆ ತಲೆ ಆಡಿಸಿ ತೋರಿಸಿದೆ.

ಹುಡುಗಿಗೆ ಅರ್ಥವಾಯಿತು. ಚೀಲ ಕೆಳಗೆ ಹಾಕಿದಳು. ಮುಷ್ಟಿ ಕಟ್ಟಿ ತಾಯಿಯ ಅಂಗೈಗೆ ಸರಿಯಾಗಿ ಗಾಜನ್ನು ಗುದ್ದಿದಳು. ಒಂದು ಸಲವಲ್ಲ, ಬಿಡದೆ ಗುದ್ದಿದಳು, ಅಳುತ್ತಾ, ಹಲ್ಲು ಕಡಿಯುತ್ತಾ. ಆಚೆಯಿಂದ ಕಾವಲಿನವನು ಓಡಿಬಂದ. ಗಾಜು ಅದುರುತ್ತಿತ್ತು. ಅತ್ತಿಗೆಯ ಅಂಗೈ ಅದುರಿತು, ಮೊಣಕೈ ಅದುರಿತು.

ಅವಳು ಕಣ್ಣು ಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ! ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಕೈಗೆ ಬಂತು. ಅತ್ತಿಗೆಯ ಕೈಗಳು ಎಷ್ಟು ಜೋರಾಗಿ ಓಡಿದವೆಂದರೆ ಪಕ್ಕದವರು ಹೆದರಿ ಹಿಂದೆ ಸರಿದರು. ನನಗೆ ಅಲ್ಲಲ್ಲಿ ಒಂದೊಂದು ತಿಳಿಯಿತು. ಬೆನ್ನು. ಬಾಯಿ. ಗಾಜು. ಬೆನ್ನು, ಬೆನ್ನು, ಮತ್ತೆ ಬೆನ್ನು. ನನಗೇ ಹೇಳಬೇಕಿತ್ತು, ನನ್ನ ಮುಖಕ್ಕೆ ಹೇಳಬೇಕಿತ್ತು. ನಿನಗೂ ನಾನು ಕಿವುಡಿಯೇನು? ಲಾಳಿ ಎದೆ ಮುಟ್ಟಿಕೊಂಡು, ನಡುಗುವ ಬೆರಳು ತೋರಿಸಿ, ಹೆದರಿದೆ ಎಂದಳು. ಅತ್ತಿಗೆ ಜಾರುಗಂಟು ಎಳೆದಳು. ಸುಳ್ಳು! ಲಾಳಿ ಅದಕ್ಕಿಂತ ಜೋರಾಗಿ ಬೀಸಿದಳು. ಸುಳ್ಳಲ್ಲ, ನಿನ್ನ ಈ ಕಣ್ಣಿಗೆ ಹೆದರಿದೆ, ಹೀಗೆ ಮುಚ್ಚಿಬಿಡ್ತೀಯಲ್ಲ, ಅದಕ್ಕೆ ಹೆದರಿದೆ. ಕಾವಲಿನವನು ಭುಜ ಮುಟ್ಟಿದರೆ ಅವನ ಕೈ ತಟ್ಟಿಹಾಕಿದಳು.

ಅತ್ತಿಗೆಯ ಕೈ ನಿಂತಿತು. ಎರಡು ಬೆರಳು ಜೋಡಿಸಿ ಮುಂದೆ ಹಿಡಿದಳು. ಬಿಡಿಸಲಿಲ್ಲ. ಹುಬ್ಬು ಎತ್ತಿ ಕೇಳಿದಳು. ಎಳೆ ಕಡಿಯಿತಾ?

ಅದರ ಅರ್ಥ ನನಗೆ ಗೊತ್ತಿತ್ತು. ಆ ಸನ್ನೆಯನ್ನು ಅಣ್ಣ ಹೋದ ಸಂಜೆ ಅಡುಗೆಮನೆಯಲ್ಲಿ ಅವಳಿಗೆ ಮಾಡಿದವಳು ನಾನೇ.

ಲಾಳಿ ತಲೆ ಅಲ್ಲಾಡಿಸಿದಳು. ಕಣ್ಣು ಒರೆಸಿಕೊಂಡು ನೆಟ್ಟಗೆ ನಿಂತಳು. ಅವತ್ತು ಅಡುಗೆಮನೆಯಲ್ಲಿ ಹೇಳಬೇಕಾದದ್ದನ್ನು ಆಗ ಹೇಳಿದಳು, ತಾಯಿಯ ಎದುರು, ಕೈಯಲ್ಲಿ, ನಿಧಾನವಾಗಿ, ನನಗೂ ತಿಳಿಯುವಷ್ಟು ನಿಧಾನವಾಗಿ. ಅಮ್ಮಾ, ನಾನು ಹೋಗ್ತಿದ್ದೀನಿ. ದೂರ. ಎರಡು ವರ್ಷ. ಮಕ್ಕಳಿಗೆ ಕಲಿಸೋಕೆ.

ಅತ್ತಿಗೆ ಮೋರೆ ಗಂಟು ಹಾಕಿಕೊಂಡೇ, ಒಂದೊಂದೇ ಸನ್ನೆಯಾಗಿ, ಬೈಯುವ ಹಾಗೆಯೇ ಹೇಳಿದಳು. ಬರೀ ಮಕ್ಕಳಿಗೆ ಕಲಿಸಬೇಡ. ಅವರ ಮನೆಯವರಿಗೆ ಕಲಿಸು. ಮನೆಯಲ್ಲಿ ಮಾತಾಡುವವರಿಲ್ಲದಿದ್ದರೆ ಕಲಿತು ಏನು ಮಾಡ್ತಾವೆ ಅವು? ಹೇಳಿ, ಹೆಬ್ಬೆರಳನ್ನು ಪಕ್ಕಕ್ಕೆ ತಿರುಗಿಸಿ ನನ್ನ ಕಡೆ ತೋರಿಸಿದಳು. ಇದರ ಹಾಗೆ ಇರ್ತಾರೆ ಎಂದು.

ನಾನು ನನ್ನ ದಪ್ಪ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಲಾಳಿ ನಕ್ಕಳು, ಮೂಗಿನ ನೀರು ಒರೆಸಿಕೊಂಡಳು. ಕಾವಲಿನವನು ಅವಳ ಚೀಲವನ್ನು ತಾನೇ ಎತ್ತಿಕೊಂಡಿದ್ದ. ಹೋಗುವ ಮೊದಲು ನನ್ನ ಕಡೆ ತಿರುಗಿದಳು. ಅಂಗೈಯಿಂದ ಎದೆ ತಟ್ಟಿಕೊಂಡಳು. ತಾಯಿಯ ಕಡೆ ತೋರಿಸಿದಳು. ಎರಡು ಬೆರಳನ್ನು ಕಣ್ಣಿನ ಕೆಳಗೆ ಇಟ್ಟುಕೊಂಡಳು.

ನನ್ನ ಮಗ್ಗ ನೋಡ್ಕೋ, ಬಂದೆ.

ಎಂಥ ಕಿಲಾಡಿ ನೋಡಿ! ಆ ಸನ್ನೆಗೆ ಶೆಡ್ಡಿನವರು ಯಾರೂ ಇಲ್ಲ ಎನ್ನುವ ಹಾಗಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. "ಎರಡು ವರ್ಷ ಕಕ್ಕಸಿಗೆ ಹೋಗ್ತೀಯೇನೇ?" ಎಂದು ನಾನು ಗಾಜಿಗೆ ಬಾಯಿಟ್ಟು ಕೂಗಿದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ಕೇಳಿಸಲಿಲ್ಲ, ಕೈ ಬೀಸಿ ಹೋಗಿಬಿಟ್ಟಳು.

ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಅತ್ತಿಗೆ ಕೈ ಕಟ್ಟಿ ಕೂತಿದ್ದಳು. ಆ ಕಟ್ಟಿದ ಕೈ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮುಂದಿನ ಸೀಟಿಗೆ ಹೋಗಿ, ಹಿಂದಕ್ಕೆ ತಿರುಗಿ ಕೂತು, ನನ್ನ ದಪ್ಪ ಬೆರಳಲ್ಲಿ ಶುರು ಮಾಡಿದೆ. ಒದ್ದೆ ಬಟ್ಟೆ ಹಿಂಡಿದೆ, ಬೇಜಾರಾ ಎಂದು. ಅವಳು ನೋಡಿ, ನನ್ನ ಮಣಿಕಟ್ಟಿಗೆ ಒಂದು ಪೆಟ್ಟು ಕೊಟ್ಟು, ಕೈ ಹಿಡಿದು ಸರಿಯಾಗಿ ತಿರುವಿಸಿದಳು. ಹಿಂಡುವುದು ಹೊರಕ್ಕಲ್ಲವಂತೆ, ಒಳಕ್ಕೆ. ಮತ್ತೆ ಮಾಡಿದೆ. ಹೂಂ, ಬೇಜಾರು ಎಂದಳು.

"ಹಾಗಾದ್ರೆ ಇಷ್ಟು ದಿನ ಯಾಕೆ ಕಣ್ಣು ಮುಚ್ಕೊಂಡಿದ್ದೆ? ಕೂತು ಜಗಳ ಆಡಬಹುದಿತ್ತಲ್ಲ ಅವಳ ಜೊತೆ? ತಪ್ಪು ಅವಳದು ಎಷ್ಟೋ ನಿನ್ನದೂ ಅಷ್ಟೇ!" ಬಾಯಲ್ಲಿ ಹೇಳಿದೆ, ಜೊತೆಗೆ ಬಂದಷ್ಟು ಕೈಯಲ್ಲೂ ಹೇಳಿದೆ. ಕಣ್ಣು, ಮುಚ್ಚಿದ್ದು, ದಿನ ದಿನ ದಿನ, ಮಗಳು, ನೀನು, ಸಮ ಸಮ. ಎಲ್ಲ ಅಡ್ಡಾದಿಡ್ಡಿ ಬಂತು. ಆದರೂ ಅವಳಿಗೆ ತಲುಪಿತು. ಅವಳ ಮೂಗಿನ ಹೊಳ್ಳೆ ಅರಳಿತು. ಎರಡೂ ಕೈಯಲ್ಲಿ ಏನೇನೋ ಅಂದಳು. ನಿಧಾನ ಎಂದು ನಾನು ಕೂಗಿದೆ. ನಿಧಾನವಾಗಿ ಅಂದಳು. ನಾನು ಒಪ್ಪಲಿಲ್ಲ, ತಿರುಗಿಸಿ ಹೇಳಿದೆ. ಜಾರುಗಂಟು ಎಳೆದೆ, ಮೇಸ್ತ್ರಿಯ ಮೀಸೆ ಸೇರಿಸಿ.

ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದಳು. ನೋಡಿ, ಟಪ್ಪನೆ ಕಣ್ಣು ಮುಚ್ಚಿದಳು.

ನನ್ನ ಮೇಲೆ! ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖದ ಮೇಲೆ ಕಣ್ಣು ಮುಚ್ಚಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಾಲೆತ್ತಿ ಬಸ್ಸಿನ ತಗಡಿನ ನೆಲವನ್ನು ಬಲವಾಗಿ ಒದ್ದೆ. ಡ್ರೈವರು ಕನ್ನಡಿಯಲ್ಲಿ ನೋಡಿ, "ಏನಮ್ಮಾ ಅದು?" ಎಂದ.

"ನೀನು ಗಾಡಿ ಓಡಿಸಯ್ಯಾ, ನಮ್ಮ ಜಗಳ ಇನ್ನೂ ಮುಗಿದಿಲ್ಲ," ಎಂದು ಇನ್ನೊಂದು ಸಲ ಒದ್ದೆ.

ಅತ್ತಿಗೆ ಒಂದು ಕಣ್ಣು ತೆರೆದಳು. ನಾನು ಮೊದಲಿನಿಂದ ಶುರು ಮಾಡಿದೆ.